ಮೊದಲು ಬರಿಗೈಯಲ್ಲಿ ಹೋಗಿ: ಚರ್ಚಿನ ಹಿಂದಿನ ಓಣಿಯಲ್ಲಿ ಸೇವೆ ಶುರು ಮಾಡುವವರಿಗೆ

ನಮ್ಮ ಮೊದಲ ಕ್ರಿಸ್‌ಮಸ್ ಕಿಟ್‌ನಲ್ಲಿ ಐದು ಕಿಲೋ ಕುಚ್ಚಲಕ್ಕಿ ಇತ್ತು. ಜೊತೆಗೆ ಒಂದು ಡಬ್ಬಿ ಕುಸ್ವಾರ್, ಅಂದರೆ ನಮ್ಮ ಕ್ರಿಸ್‌ಮಸ್ ತಿಂಡಿ. ಕಿಡಿಯೊ, ನೆವ್ರಿ, ಗುಳಿಯೊ ಎಲ್ಲ ತುಂಬಿ ಕೆಂಪು ರಿಬ್ಬನ್ ಕಟ್ಟಿದ್ದೆವು. ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಶೀಟ್ ಹಾಕಿದ ಶೆಡ್‌ಗಳ ಒಂದು ಸಾಲು, ಇಪ್ಪತ್ತೆರಡು ಮನೆ. ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಎಲ್ಲರೂ ನಗುತ್ತಾ ಕಿಟ್ ತೆಗೆದುಕೊಂಡರು. ಫೋಟೊಗೂ ನಿಂತರು. ನಾಲ್ಕು ದಿನ ಬಿಟ್ಟು ನೋಡಿದರೆ ನಮ್ಮದೇ ಅಕ್ಕಿ ಪಕ್ಕದ ಗೂಡಂಗಡಿಯಲ್ಲಿ ಮಾರಾಟಕ್ಕೆ ಕೂತಿತ್ತು.

ನಮ್ಮ ಗುಂಪಿನಲ್ಲಿ ಒಬ್ಬರಿಗೆ ಸಿಟ್ಟು ಬಂತು. ನನಗೆ ನಾಚಿಕೆಯಾಯಿತು. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ನಮ್ಮ ದಪ್ಪ ಕೆಂಪಕ್ಕಿ ಎಂತಕ್ಕೆ? ಅದು ಬೇಯಲು ಒಂದು ಗಂಟೆ ಉರಿ ಬೇಕು. ದಿನದ ಕೂಲಿಯವರ ಗ್ಯಾಸ್ ಅಷ್ಟು ಅಗ್ಗವಾ? ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಿರಲಿಲ್ಲ.

ಅದಾದ ಮೇಲೆ ಅದೇ ಓಣಿಗೆ ಹೋಗಿ ಬರುತ್ತಾ ಕೆಲವು ವರ್ಷ ಆಯಿತು. ಮಂಗಳೂರು, ಉಡುಪಿಯ ಬೇರೆ ಚರ್ಚ್‌ಗಳವರು ಆಗಾಗ ಕೇಳುತ್ತಾರೆ, "ನಾವೂ ಶುರು ಮಾಡಬೇಕು, ಹೇಗೆ?" ಎಂದು. ಅವರಿಗೆ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಒಂದೇ ಓಣಿ ಆರಿಸಿ

ಇಡೀ ವಾರ್ಡ್ ಬೇಡ. ನಿಮ್ಮ ಚರ್ಚಿನಿಂದ ನಡೆದು ಹತ್ತು ನಿಮಿಷದಲ್ಲಿ ತಲುಪುವ ಒಂದು ಸಾಲು ಸಾಕು. ಇಪ್ಪತ್ತು ಮನೆಗಿಂತ ಜಾಸ್ತಿ ಇದ್ದರೆ ಹತ್ತರಿಂದಲೇ ಶುರು ಮಾಡಿ. ದೂರದ ಕಾಲೊನಿಗೆ ಓಮ್ನಿ ಮಾಡಿಕೊಂಡು ಹೋಗುವ ಉತ್ಸಾಹ ಮೂರು ತಿಂಗಳಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನಡೆದು ಹೋಗುವ ದೂರ ಇದ್ದರೆ ಹಾಲು ತರಲು ಹೋದಾಗಲೂ ಮುಖ ಕಾಣುತ್ತದೆ.

ಮಂಗಳೂರಿನಲ್ಲಿ ಇಂಥ ಜಾಗ ಹುಡುಕಬೇಕಿಲ್ಲ. ಬಂದರು, ಹೊಯ್ಗೆ ಬಜಾರ್, ಬೋಳಾರ, ಜೆಪ್ಪು, ಬೈಕಂಪಾಡಿ, ಜೋಕಟ್ಟೆ, ಎಲ್ಲ ಕಡೆ ಇದೆ. ಹೊಸ ಅಪಾರ್ಟ್‌ಮೆಂಟ್ ಏಳುವ ಕಡೆ ಪಕ್ಕದಲ್ಲೇ ಶೆಡ್ಡೂ ಏಳುತ್ತದೆ. ಉಡುಪಿಯವರಿಗೆ ಬೀಡಿನಗುಡ್ಡೆ, ಮಲ್ಪೆ ಹೇಳಿಕೊಡಬೇಕಿಲ್ಲ. ವಲಸೆ ಬಂದವರನ್ನು ಮಾತ್ರ ನೋಡಬೇಡಿ. ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಬೀಡಿ ಕಟ್ಟಿಯೇ ಮನೆ ನಡೆಸಿದ ನಮ್ಮದೇ ಊರಿನ ಅಜ್ಜಿಯರು ಗುರ್ಕಾರರ (ಚರ್ಚ್ ವಾರ್ಡಿನ ಮುಖ್ಯಸ್ಥರ) ಪಟ್ಟಿಯಲ್ಲೂ ಇರುತ್ತಾರೆ. ಕೈ ಚಾಚಲು ನಾಚಿಕೆಪಡುವವರು ಅವರೇ.

ಹೋಗುವ ಮೊದಲು ಅಲ್ಲಿ ಈಗಾಗಲೇ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಶೆಡ್ಡಿನ ಮಾಲೀಕ, ಕೆಲಸಕ್ಕೆ ಕರೆದುಕೊಂಡು ಬಂದ ಮೇಸ್ತ್ರಿ. ಮೇಸ್ತ್ರಿಯನ್ನು ಬಿಟ್ಟು ಮುಂದೆ ಹೋಗಬೇಡಿ. ಅವನ ಜನರ ಹತ್ತಿರ ನೀವು ಏನು ಮಾತಾಡುತ್ತೀರಿ ಎಂಬ ಅನುಮಾನ ಅವನಿಗೆ ಇದ್ದೇ ಇರುತ್ತದೆ. ಒಂದು ಚಾ ಕುಡಿದು, ನಾವು ಇಂಥ ಚರ್ಚಿನವರು, ವಾರಕ್ಕೊಮ್ಮೆ ಬರುತ್ತೇವೆ, ಆಸ್ಪತ್ರೆಗೋ ಕಾರ್ಡಿಗೋ ಬೇಕಾದರೆ ಸಹಾಯ ಮಾಡುತ್ತೇವೆ ಎಂದು ನೇರ ಹೇಳಿ. ಪಕ್ಕದ ಭಜನಾ ಮಂಡಳಿಯವರಿಗೂ ಮಸೀದಿಯ ಹುಡುಗರಿಗೂ ಇದನ್ನೇ ಹೇಳಿ. ಯಾಕೆ ಎಂಬುದು ಮುಂದೆ ಬರುತ್ತದೆ.

2. ನಾಲ್ಕು ವಾರ ಏನೂ ಕೊಡಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಸುಮ್ನೆ ಹೋಗುವುದು ಅಂದರೆ ನಮ್ಮವರಿಗೆ ಕೈ ತುರಿಸುತ್ತದೆ. ಬಿಸ್ಕೆಟ್ ಪ್ಯಾಕಾದರೂ ಹಿಡಿದುಕೊಳ್ಳೋಣ ಅನ್ನುತ್ತಾರೆ. ಬೇಡ. ಮೊದಲ ದಿನ ಬಿಸ್ಕೆಟ್ ಕೊಟ್ಟರೆ ಎರಡನೇ ವಾರ ನೀವು ಬಿಸ್ಕೆಟ್‌ನವರು. ಆಮೇಲೆ ಮಕ್ಕಳು ನಿಮ್ಮ ಮುಖ ನೋಡುವುದಿಲ್ಲ, ಚೀಲ ನೋಡುತ್ತಾರೆ.

ಇಬ್ಬಿಬ್ಬರಾಗಿ ಹೋಗಿ, ಒಬ್ಬರಾದರೂ ಹೆಂಗಸು ಇರಲಿ. ಇಬ್ಬಿಬ್ಬರಾಗಿ ಮನೆಭೇಟಿ ಮಾಡುವ ಪದ್ಧತಿ ಬಡವರ ಸೇವೆಗೆಂದೇ ಇರುವ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರಿಗೆ ಹಳೆಯದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಂ ಆ ಸಭೆಯನ್ನು ಶುರು ಮಾಡಿದಾಗ ಅವನಿಗೆ ಇಪ್ಪತ್ತು ವರ್ಷ, ಕಾಲೇಜು ಹುಡುಗ. ಬಡವರ ಮನೆಗೆ ಹೇಗೆ ಹೋಗಬೇಕು ಎಂದು ಆ ಹುಡುಗರಿಗೆ ಕಲಿಸಿದ್ದು ರೊಸಾಲಿ ರಾಂದು ಎಂಬ ಸಿಸ್ಟರ್. ನಮ್ಮ ಯುವಜನರಿಗೆ ಇದನ್ನು ಹೇಳಿ. ದಾನ ಮಾಡುವುದು ರಿಟೈರ್ ಆದವರ ಕೆಲಸ ಎಂದುಕೊಂಡಿದ್ದಾರೆ.

ಸಮಯ ಒಂದೇ ಇರಲಿ. ನಾವು ಭಾನುವಾರ ಸಂಜೆ ನಾಲ್ಕು ಗಂಟೆ ಇಟ್ಟುಕೊಂಡೆವು. ಬೆಳಗ್ಗೆ ನಮಗೆ ಚರ್ಚಿನಲ್ಲಿ ಪೂಜೆ, ಅವರಿಗೆ ಬಟ್ಟೆ ಒಗೆತ, ಸಂತೆ. ಆರರ ಮೇಲೆ ಅಡುಗೆ, ಕೆಲವು ಮನೆಯಲ್ಲಿ ಕುಡಿತ. ನಾಲ್ಕಕ್ಕೆ ಎಲ್ಲರೂ ಹೊರಗೆ ಕೂತಿರುತ್ತಾರೆ.

ಮಾತು ಹೇಗೆ ಶುರು ಮಾಡುವುದು? ಹೆಸರು ಕೇಳಿ, ಊರು ಕೇಳಿ. "ಘಟ್ಟದವರು" ಎಂಬ ನಮ್ಮ ಪದವನ್ನು ಮನೆಯಲ್ಲೇ ಬಿಟ್ಟು ಹೋಗಿ. ನಾವು ಇಡೀ ಉತ್ತರ ಕರ್ನಾಟಕವನ್ನು ಒಂದೇ ಗಂಟಲ್ಲಿ ಕಟ್ಟಿಬಿಡುತ್ತೇವೆ. ಕುಷ್ಟಗಿಯವರಿಗೆ ತಾವು ಹುನಗುಂದದವರಲ್ಲ ಎಂಬುದು ದೊಡ್ಡ ವಿಷಯ. ಭಾಷೆಯ ತಮಾಷೆಯೂ ಇದೆ. ಕೊಂಕಣಿ, ತುಳು ಮಾತಾಡುವ ನಮ್ಮ ಪುಸ್ತಕದ ಕನ್ನಡ ಕೇಳಿ ಅವರು ನಗುತ್ತಾರೆ, ಅವರ "ಬರ್ರಿ, ಕುಂದ್ರ್ರಿ" ಕೇಳಿ ನಾವು ನಗುತ್ತೇವೆ. ಅದು ಒಳ್ಳೆಯದೇ. ಕೆಲವು ಶೆಡ್‌ಗಳಲ್ಲಿ ಲಂಬಾಣಿ, ತೆಲುಗು ಇರುತ್ತದೆ. ಒಡಿಶಾ, ಬಂಗಾಳದ ಹುಡುಗರ ಹತ್ತಿರ ಹರಕು ಹಿಂದಿಯೇ ಗತಿ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಕಥೆ ಎಲ್ಲರಿಗೂ ಗೊತ್ತು. ಗಾಯಕ್ಕೆ ಎಣ್ಣೆ ಹಚ್ಚಿದ್ದು, ಕತ್ತೆಯ ಮೇಲೆ ಕೂರಿಸಿದ್ದು ನೆನಪಿರುತ್ತದೆ. ಅವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದದ್ದು ಅಷ್ಟು ನೆನಪಿರುವುದಿಲ್ಲ. ತಿರುಗಿ ಬರುವುದೇ ನಮ್ಮ ಇಡೀ ಕೆಲಸ. ಒಂದು ವಾರ ತಪ್ಪಿಸಬೇಕಾದರೆ ಮೊದಲೇ ಹೇಳಿ ಬನ್ನಿ.

3. ಒಂದು ನೋಟ್‌ಬುಕ್

ಮನೆಗೊಂದು ಪುಟ. ಮನೆಯಲ್ಲಿ ಎಷ್ಟು ಜನ, ಮಕ್ಕಳ ವಯಸ್ಸು, ಗರ್ಭಿಣಿ ಇದ್ದಾರಾ, ಯಾರಿಗೆ ಬಿಪಿ, ಶುಗರ್, ಯಾವ ಕಾರ್ಡ್ ಇದೆ, ಯಾವುದು ಊರಲ್ಲಿ ಉಳಿದಿದೆ. ಅಷ್ಟೇ. ಜಾತಿ, ಧರ್ಮ ಬರೆಯಬೇಡಿ. ಗಂಡ ಕುಡಿಯುತ್ತಾನೆ ಎಂದು ಬರೆಯಬೇಡಿ. ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಕಾರ್ಡಿನ ಫೋಟೊ ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಲೇಬೇಡಿ. ಆ ಪುಸ್ತಕ ಬಸ್ಸಿನಲ್ಲಿ ಬಿದ್ದು ಹೋದರೂ ಯಾರ ಮಾನಕ್ಕೂ ಧಕ್ಕೆ ಆಗಬಾರದು. ಅಳತೆ ಅದು.

4. ಕಾಗದದ ಕೆಲಸ

ನಾಲ್ಕು ವಾರ ಕೂತು ಕೇಳಿದ ಮೇಲೆ ನಮಗೆ ಒಂದು ವಿಷಯ ಗೊತ್ತಾಯಿತು. ಅಲ್ಲಿ ಅಕ್ಕಿ ಬೇಕು ಅಂದವರು ಇಬ್ಬರು. ಕಾರ್ಡ್ ತೊಂದರೆ ಹೇಳಿದವರು ಹದಿನೇಳು ಮನೆ. ನಮ್ಮ ಸಭೆಯಲ್ಲಿ ಬ್ಯಾಂಕ್ ರಿಟೈರ್ಡ್, ಟೀಚರ್, ಆಫೀಸ್ ಕ್ಲರ್ಕ್ ಎಲ್ಲ ಇದ್ದಾರೆ. ಫಾರ್ಮ್ ತುಂಬುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು? ಅಲ್ಲಿಂದ ನಮ್ಮ ನಿಜವಾದ ಸೇವೆ ಶುರುವಾಯಿತು.

ರೇಷನ್. ಕಾರ್ಡ್ ಊರಲ್ಲಿದೆ, ಆದ್ದರಿಂದ ಇಲ್ಲಿ ಅಕ್ಕಿ ಸಿಗುವುದಿಲ್ಲ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆಧಾರ್ ಜೋಡಿಸಿದ ಕಾರ್ಡ್ ಇದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಾಲು ಪಡೆಯಬಹುದು. ಬೇರೆ ರಾಜ್ಯದವರಿಗೂ 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಇದು ಆಗುತ್ತದೆ. ಕಾರ್ಡ್ ಕೈಯಲ್ಲಿ ಇರಬೇಕೆಂದಿಲ್ಲ, ನಂಬರ್ ಇದ್ದರೆ ಸಾಕು. ಊರಲ್ಲಿ ಉಳಿದ ಅಜ್ಜ ಅಜ್ಜಿ ತಮ್ಮ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು. ಮೊದಲ ಸಲ ನೀವೂ ಜೊತೆಗೆ ಹೋಗಿ. ಒಬ್ಬರೇ ಹೋದರೆ "ಇಲ್ಲಿ ಆಗುವುದಿಲ್ಲ" ಎಂಬ ಒಂದು ಮಾತಿಗೆ ವಾಪಸ್ ಬಂದುಬಿಡುತ್ತಾರೆ.

ಹಾಗೆ ಹೋದ ಒಂದು ದಿನ ನನಗೆ ಮರೆಯುವುದಿಲ್ಲ. ಸಾಲಿನ ಕೊನೆ ಶೆಡ್ಡಿನ ಅಜ್ಜಿ, ಹದಿನೈದು ವರ್ಷ ಸಿಮೆಂಟ್ ಬುಟ್ಟಿ ಹೊತ್ತವರು. ರೇಷನ್ ಅಂಗಡಿಯ ಬೆರಳಚ್ಚಿನ ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟರು, ಬರಲಿಲ್ಲ. ತೋರುಬೆರಳು, ಇಲ್ಲ. ಬೆರಳ ಗೆರೆ ಇದ್ದರೆ ತಾನೇ ಬರುವುದು? ಸಿಮೆಂಟು ತಿಂದು ತುದಿಯೆಲ್ಲ ನುಣ್ಣಗೆ ಕಲ್ಲಿನ ಹಾಗೆ ಆಗಿತ್ತು. ಹಿಂದಿನ ಸಾಲಿನವರು ಗೊಣಗಲು ಶುರು ಮಾಡಿದರು. ಅಜ್ಜಿ ಒಂದೊಂದೇ ಬೆರಳನ್ನು ಸೆರಗಿನಿಂದ ಒರೆಸಿ ಒರೆಸಿ ಇಟ್ಟರು, ಬಯ್ಯಿಸಿಕೊಂಡ ಶಾಲೆ ಮಗುವಿನ ಹಾಗೆ. ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಬಂತು. ಆಚೆ ಬಂದು ಅಕ್ಕಿ ಚೀಲ ಕೆಳಗಿಟ್ಟು ಆ ಬೆರಳನ್ನೇ ನೋಡುತ್ತಾ ಅಂದರು, "ಇದೊಂದ ಕೆಲ್ಸ ಮಾಡಿಲ್ರೀ, ಅದಕ್ಕ ಉಳದೈತಿ."

ಅಂದಿನಿಂದ ನಮ್ಮ ಚೀಲದಲ್ಲಿ ಒಂದು ಸೋಪು, ಒಂದು ಟವೆಲ್ ಇರುತ್ತದೆ. ಕೈ ಚೆನ್ನಾಗಿ ತೊಳೆದು, ಒರೆಸಿ, ಹತ್ತೂ ಬೆರಳು ಪ್ರಯತ್ನಿಸಿ. ಆಗದಿದ್ದರೆ ಕಣ್ಣಿನ ಸ್ಕ್ಯಾನೋ ಮೊಬೈಲ್ ಒಟಿಪಿಯೋ ಆಗುತ್ತದಾ ಎಂದು ಕೇಳಿ. ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡಿಸಿ, ಅದೇ ಹೊತ್ತಿಗೆ ಮೊಬೈಲ್ ನಂಬರನ್ನೂ ಜೋಡಿಸಿ. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಬಯೋಮೆಟ್ರಿಕ್ ಅಪ್‌ಡೇಟ್ ಆಗಲೇಬೇಕು. ಇದನ್ನು ಮರೆತು ಎಷ್ಟೋ ಮಕ್ಕಳ ಸ್ಕಾಲರ್‌ಶಿಪ್ ನಿಂತಿದೆ.

ಕಾರ್ಮಿಕ ಕಾರ್ಡ್. ಗಾರೆ, ಪೈಂಟಿಂಗ್, ಬಾರ್ ಬೆಂಡಿಂಗ್, ಟೈಲ್ಸ್ ಕೆಲಸದವರು 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಮಕ್ಕಳ ಓದು, ಹೆರಿಗೆ, ಅಪಘಾತ, ಸಾವು, ಇಂಥದ್ದಕ್ಕೆಲ್ಲ ಸಹಾಯಧನ ಉಂಟು. ತೊಡಕು ಬರುವುದು 90 ದಿನದ ದೃಢೀಕರಣದಲ್ಲಿ. ಮೇಸ್ತ್ರಿ ಸಹಿಗೆ ಹಿಂದೇಟು ಹಾಕುತ್ತಾನೆ, ಕಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ಮೊದಲೇ ಚಾ ಕುಡಿದಿರಬೇಕು ಅಂದದ್ದು ಇದಕ್ಕೇ. ಮನೆಗೆಲಸ, ಮೀನು ಕೆಲಸ, ಗುಜರಿ ಹೆಕ್ಕುವವರು ಕಟ್ಟಡ ಮಂಡಳಿಗೆ ಬರುವುದಿಲ್ಲ. ಅವರಿಗೆ ಇ-ಶ್ರಮ್ (ಅಸಂಘಟಿತ ಕಾರ್ಮಿಕರ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ. 16ರಿಂದ 59 ವರ್ಷದವರಿಗೆ ಆಗುತ್ತದೆ, ನೋಂದಣಿಗೆ ಹಣ ಇಲ್ಲ. ಯಾರಾದರೂ ಐನೂರು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹುಟ್ಟಿದ ಮಗು. 21 ದಿನದೊಳಗೆ ಜನನ ನೋಂದಣಿ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಡಿಸ್ಚಾರ್ಜ್ ಆಗುವ ಮೊದಲೇ ಪ್ರಮಾಣಪತ್ರ ಕೇಳಲು ಹೇಳಿ. ಬಾಣಂತಿ ಊರಿಗೆ ಹೋದ ಮೇಲೆ ಆ ಕಾಗದದ ಹಿಂದೆ ಓಡುವುದು ನಾಯಿಪಾಡು.

ಒಂದು ಎಚ್ಚರಿಕೆ. ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ನೀವು ಇನ್ನೊಬ್ಬ ಏಜೆಂಟ್ ಆಗುತ್ತೀರಿ, ದುಡ್ಡು ತೆಗೆದುಕೊಳ್ಳದ ಏಜೆಂಟ್ ಅಷ್ಟೇ. ಮೂರನೇ ಕಾರ್ಡಿನಿಂದ ಓಣಿಯ ಒಬ್ಬ ಹುಡುಗಿಯನ್ನು ಜೊತೆಗೆ ಕೂರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತ ಒಬ್ಬಳು ಇದ್ದೇ ಇರುತ್ತಾಳೆ. ನಮ್ಮ ಓಣಿಯಲ್ಲಿ ಈಗ ನನಗಿಂತ ಜಾಸ್ತಿ ಅವಳಿಗೇ ಗೊತ್ತು. ನನ್ನ ಸ್ಪೆಲ್ಲಿಂಗ್ ತಿದ್ದುತ್ತಾಳೆ.

5. ಆಸ್ಪತ್ರೆ

1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಿ ಹಂಚಲು ಕೂತಾಗ ಅವರ ಹತ್ತಿರ ಇದ್ದದ್ದು ಒಂದು ಔಷಧಿ ಪೆಟ್ಟಿಗೆ. ನಿಮ್ಮ ಹತ್ತಿರ ಅದೂ ಬೇಡ. ದಯವಿಟ್ಟು ಮಾತ್ರೆ ಹಂಚಬೇಡಿ. ಇಂದು ನಮ್ಮೂರಲ್ಲಿ ಆಸ್ಪತ್ರೆಗೆ ಬರ ಇಲ್ಲ. ಬರ ಇರುವುದು ಜೊತೆಗೆ ಬರುವವರಿಗೆ. ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಯಾವ ಕೌಂಟರಿನಲ್ಲಿ ಚೀಟಿ, ಯಾವ ಮಹಡಿಯಲ್ಲಿ ರಕ್ತ ಪರೀಕ್ಷೆ ಎಂದು ಓದಲು ಬಾರದವರು ಹೇಗೆ ಹುಡುಕಬೇಕು? ಹೆರಿಗೆಗೆ ಲೇಡಿಗೋಶನ್, ಉಳಿದದ್ದಕ್ಕೆ ವೆನ್ಲಾಕ್, ಸಣ್ಣ ಜ್ವರಕ್ಕೆ ಹತ್ತಿರದ ನಗರ ಆರೋಗ್ಯ ಕೇಂದ್ರ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಓಣಿಯ ಅಂಗಡಿಯಲ್ಲಿ ಅಂಟಿಸಿ.

ಬಸ್ಸಿನ ಲೆಕ್ಕವನ್ನೂ ಹಿಡಿಯಿರಿ. ಊರಲ್ಲಿ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಓಡಾಡಿದ ಹೆಂಗಸರು ಇಲ್ಲಿ ಸಿಟಿ ಬಸ್ ಹತ್ತಿದರೆ ಕಂಡಕ್ಟರ್ ಟಿಕೆಟ್ ದುಡ್ಡು ಕೇಳುತ್ತಾನೆ. ನಮ್ಮಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಆಸ್ಪತ್ರೆಗೆ ಮೂರು ಸಲ ಹೋಗಿ ಬಂದರೆ ಒಂದು ದಿನದ ತರಕಾರಿ ಹೋಯಿತು. ಆ ದಿನದ ಕೂಲಿಯೂ ಹೋಯಿತು.

ಮಳೆಗಾಲದಲ್ಲಿ ಮಂಗಳೂರಿನ ಜ್ವರ ಬೇರೆ ಕಥೆ. ಕಟ್ಟಡದ ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ತೆರೆದ ಡ್ರಮ್, ಇಲ್ಲೆಲ್ಲ ಮಲೇರಿಯಾ ಸೊಳ್ಳೆ ಹುಟ್ಟುತ್ತದೆ. ಅದೇ ಕಟ್ಟಡದಲ್ಲಿ ಕೂಲಿಯವರು ಮಲಗುತ್ತಾರೆ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ, ಸರ್ಕಾರಿ ಕೇಂದ್ರದಲ್ಲಿ ಅದು ಉಚಿತ. ನಮ್ಮಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಮಲೇರಿಯಾಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳಲ್ಲಿ ಒಂದು 14 ದಿನ ನಡೆಯುತ್ತದೆ. ಮೂರನೇ ದಿನ ಜ್ವರ ಬಿಡುತ್ತದೆ, ನಾಲ್ಕನೇ ದಿನ ಕೆಲಸಕ್ಕೆ ಹೋಗುತ್ತಾರೆ, ಮಾತ್ರೆ ಕಿಟಕಿಯಲ್ಲಿ ಉಳಿಯುತ್ತದೆ. ತಿಂಗಳ ಮೇಲೆ ಮತ್ತೆ ಜ್ವರ. ಇದಕ್ಕೆ ನಾವು ಮಾಡಿದ ಉಪಾಯ ಸುಲಭ. ಶೆಡ್ಡಿನ ಶೀಟಿನ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ಗೆರೆ. ದಿನಕ್ಕೊಂದು ಅಳಿಸುವ ಕೆಲಸ ಮನೆಯ ಚಿಕ್ಕ ಮಗುವಿಗೆ. ಅಪ್ಪ ಮಾತ್ರೆ ನುಂಗದೆ ಗೆರೆ ಅಳಿಸಲು ಆ ಮಗು ಬಿಡುವುದಿಲ್ಲ, ನೋಡಿ ಬೇಕಾದರೆ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಟಿಬಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ಔಷಧಿ ಉಚಿತ, ಸಾಮಾನ್ಯವಾಗಿ ಆರು ತಿಂಗಳು. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ಸರ್ಕಾರದಿಂದ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಮಧ್ಯದಲ್ಲಿ ಊರಿಗೆ ಹೋಗುವುದಾದರೆ ಹೇಳಿಯೇ ಹೋಗಬೇಕು, ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸಿಕೊಡುತ್ತಾರೆ.

6. ಮಕ್ಕಳು

ಸಂಜೆ ಪಾಠ ಶುರು ಮಾಡುವುದು ಎಲ್ಲರಿಗೂ ಇಷ್ಟ. ಮಾಡಿ. ಆದರೆ ಅದಕ್ಕಿಂತ ಮೊದಲು ಶಾಲೆಗೇ ಸೇರದ ಮಕ್ಕಳು ಯಾರು ಎಂದು ನೋಡಿ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು 6ರಿಂದ 14ರ ಮಗುವನ್ನು ಸರ್ಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟ ಇದೆ. ನಾನೇ ಒಮ್ಮೆ ಒಂದು ಮಗುವನ್ನು ಕರೆದುಕೊಂಡು ಹೋದಾಗ "ಜೂನ್‌ನಲ್ಲಿ ಬನ್ನಿ" ಎಂದು ಆಗಸ್ಟಿನಲ್ಲಿ ಹೇಳಿದ್ದರು. ಜಗಳ ಮಾಡಲಿಲ್ಲ. ಕಾಯ್ದೆಯ ಆ ಪುಟದ ಪ್ರಿಂಟ್ ತೆಗೆದುಕೊಂಡು ಮರುದಿನ ಹೋದೆ. ಸೇರಿಸಿಕೊಂಡರು, ಚಾ ಕೂಡ ಕೊಟ್ಟರು.

ಪಾಠಕ್ಕೆ ನಮ್ಮ ನಿಯಮಗಳು ಕಟ್ಟುನಿಟ್ಟು. ಯಾವಾಗಲೂ ಇಬ್ಬರು ದೊಡ್ಡವರು. ಬಾಗಿಲು ತೆರೆದೇ ಇರಬೇಕು. ಯಾವ ಮಗುವನ್ನೂ ಒಬ್ಬರೇ ಬೈಕಿನಲ್ಲಿ ಕೂರಿಸಿಕೊಂಡು ಹೋಗುವಂತಿಲ್ಲ, ಎಷ್ಟೇ ಒಳ್ಳೆಯವರಾಗಿರಲಿ, ಫಾದರ್ ಆಗಿರಲಿ, ಪಾಸ್ಟರ್ ಆಗಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. 1098 ಮಕ್ಕಳ ಸಹಾಯವಾಣಿ. ಹೆಂಗಸರಿಗೆ 181. ತುರ್ತಿಗೆ 112. ಈ ಮೂರು ನಂಬರ್ ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ.

ಪಾಠ ಅಂದರೆ ಕನ್ನಡ ಓದು, ಗಣಿತ. ಸಂಡೇ ಸ್ಕೂಲಿನ ಚಿತ್ರಪುಸ್ತಕ ಅಲ್ಲಿಗೆ ತರಬೇಡಿ.

7. ಪ್ರಾರ್ಥನೆ ಎಲ್ಲಿ?

ಇಲ್ಲಿಗೆ ಬಂದಾಗ ನಮ್ಮ ಸಭೆಯಲ್ಲಿ ಸದಾ ಎರಡು ಗುಂಪು. ಯೇಸುವಿನ ಹೆಸರು ಹೇಳದೆ ಮಾಡುವುದು ಎಂಥ ಸೇವೆ ಎಂದು ಒಬ್ಬರು, ಬೇಡದ ರಗಳೆ ಯಾಕೆ ಎಂದು ಇನ್ನೊಬ್ಬರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಚರ್ಚ್‌ಗಳ ಮೇಲೆ ದಾಳಿ ಆದದ್ದು ನೆನಪಿರುವವರಿಗೆ ಆ ಭಯ ಅರ್ಥವಾಗುತ್ತದೆ. 2022ರಲ್ಲಿ ಬಂದ ರಾಜ್ಯದ ಮತಾಂತರ ನಿಷೇಧ ಕಾಯ್ದೆಯಲ್ಲಿ 'ಆಮಿಷ' ಎಂಬ ಪದಕ್ಕೆ ಉಡುಗೊರೆ, ಹಣದಿಂದ ಹಿಡಿದು ಉಚಿತ ಶಿಕ್ಷಣದವರೆಗೆ ಅರ್ಥ ಕೊಟ್ಟಿದ್ದರು. 2023ರಲ್ಲಿ ಸಚಿವ ಸಂಪುಟ ಅದನ್ನು ಹಿಂದೆಗೆಯುವ ತೀರ್ಮಾನ ಮಾಡಿತು.

ಕಾಯ್ದೆ ಇರಲಿ ಬಿಡಲಿ, ನನ್ನ ಅಭಿಪ್ರಾಯ ಒಂದೇ. ಹಸಿದವರ ಮುಂದೆ ಅಕ್ಕಿ ಹಿಡಿದು ಪ್ರಾರ್ಥನೆ ಮಾಡೋಣವಾ ಎಂದು ಕೇಳಿದರೆ ಅವರು ಇಲ್ಲ ಅನ್ನುವುದು ಹೇಗೆ? ಇಲ್ಲ ಅನ್ನಲು ಆಗದವರ ಹೌದಿಗೆ ಬೆಲೆ ಇಲ್ಲ. ಆ ಸಮಾರ್ಯದವನು ಗಾಯಾಳುವಿನ ಧರ್ಮ ಕೇಳಲಿಲ್ಲ, ತನ್ನದನ್ನು ಹೇಳಲೂ ಇಲ್ಲ.

ಆದ್ದರಿಂದ ನಾವು ಹೊರಡುವ ಮೊದಲು ಚರ್ಚಿನಲ್ಲಿ ಹತ್ತು ನಿಮಿಷ ಪ್ರಾರ್ಥನೆ ಮಾಡುತ್ತೇವೆ, ಓಣಿಯ ಒಬ್ಬೊಬ್ಬರ ಹೆಸರು ಹಿಡಿದು. ಓಣಿಯಲ್ಲಿ ಮಾಡುವುದಿಲ್ಲ. ಕರಪತ್ರ ಇಲ್ಲ, ಬ್ಯಾನರ್ ಇಲ್ಲ. ಯಾರು ನೀವು ಎಂದು ಕೇಳಿದರೆ ಮುಚ್ಚಿಡುವುದೂ ಇಲ್ಲ. ಕೆಲವೊಮ್ಮೆ ಅವರೇ ಕೇಳುತ್ತಾರೆ, "ನಮ್ಮ ಕೂಸಿಗೆ ನಿಮ್ಮ ದೇವರ ಹತ್ರ ಬೇಡ್ಕೊಳ್ರೀ" ಎಂದು. ಆಗ ಸಂಜೆ ಮನೆಯಲ್ಲಿ ಬೇಡಿಕೊಳ್ಳುತ್ತೇನೆ ಅನ್ನುತ್ತೇನೆ, ಬೇಡಿಕೊಳ್ಳುತ್ತೇನೆ. ಪಕ್ಕದ ಭಜನಾ ಮಂಡಳಿಯವರಿಗೆ ಮೊದಲೇ ಹೇಳಿಡಿ ಅಂದೆನಲ್ಲ. ಒಂದು ಜೋರು ಮಳೆಯಲ್ಲಿ ಮೂರು ಶೆಡ್ಡಿನ ಶೀಟ್ ಹಾರಿದಾಗ ಏಣಿ ಹೊತ್ತು ಬಂದವರು ಅವರು, ತಾರ್ಪಾಲು ತಂದವರು ನಾವು. ಆಮೇಲೆ ನಮ್ಮ ಮೇಲೆ ಯಾರೂ ಕಣ್ಣು ಕೆಂಪಗೆ ಮಾಡಲಿಲ್ಲ.

8. ದುಡ್ಡು

ಕಡಿಮೆ ಇರಲಿ. ಸಭೆ ಮುಗಿಯುವಾಗ ಒಂದು ಬಟ್ಟೆ ಚೀಲ ಸುತ್ತಿಸಿ. ಯಾರು ಎಷ್ಟು ಹಾಕಿದರು ಎಂದು ಯಾರಿಗೂ ಕಾಣಬಾರದು. ವಿನ್ಸೆಂಟ್ ಪೌಲ್‌ನವರ ಹಳೆಯ ಪದ್ಧತಿ ಇದು, ಹತ್ತು ರೂಪಾಯಿ ಹಾಕುವವರಿಗೂ ತಲೆ ಎತ್ತಿ ಕೂರಲು ಆಗುತ್ತದೆ. ಖರ್ಚಿಗೆ ಇಬ್ಬರ ಸಹಿ, ತಿಂಗಳಿಗೊಮ್ಮೆ ಲೆಕ್ಕ ಚರ್ಚಿನ ನೋಟಿಸ್ ಬೋರ್ಡಿನಲ್ಲಿ. ಸಹಾಯ ಪಡೆದವರ ಹೆಸರು ಅಲ್ಲಿ ಬೇಡ.

ಮನೆಗೆ ನಗದು ಕೊಡಬೇಡಿ, ಮೆಡಿಕಲ್ ಶಾಪಿಗೋ ಶಾಲೆಗೋ ನೇರ ಕಟ್ಟಿ. ಸಾಲ ಮಾತ್ರ ಕೊಡಲೇಬೇಡಿ. ನಾನು ಒಬ್ಬರಿಗೆ ಎರಡು ಸಾವಿರ ಕೊಟ್ಟು ಆ ಮನೆಯನ್ನೇ ಕಳೆದುಕೊಂಡೆ. ವಾಪಸ್ ಕೊಡಲಾಗದೆ ನಾನು ಬರುವುದು ಕಂಡರೆ ಹಿಂದಿನಿಂದ ಹೋಗುತ್ತಿದ್ದರು. ಹೆಚ್ಚಿನ ಮನೆಯಲ್ಲಿ ಸಂಘದ ಸಾಲದ ವಾರದ ಕಂತು ಮೊದಲೇ ಇದೆ, ಅದಕ್ಕೆ ನೀವೂ ಒಂದು ಕಂತಾಗಬೇಡಿ.

ಫೋಟೊ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತೆಗೆಯಬೇಡಿ. ದಾನಿಗಳಿಗೆ ಬೇಕಂತೆ ಎಂದರೆ ಬಿಲ್ಲಿನ ಫೋಟೊ ಕಳಿಸಿ.

9. ಅವರ ಕ್ಯಾಲೆಂಡರ್

ನಮ್ಮ ವರ್ಷ ಮೊಂತಿ ಫೆಸ್ಟ್, ಕ್ರಿಸ್‌ಮಸ್, ಈಸ್ಟರ್ ಎಂದು ತಿರುಗುತ್ತದೆ. ಅವರದು ಬೇರೆ. ಯುಗಾದಿಗೆ ಊರಿಗೆ, ಊರ ಜಾತ್ರೆಗೆ ಊರಿಗೆ, ಜೂನಿನಲ್ಲಿ ಬಿತ್ತನೆಗೆ ಊರಿಗೆ. ಮಳೆಗಾಲದಲ್ಲಿ ಕಟ್ಟಡದ ಕೆಲಸವೂ ಇಳಿಯುತ್ತದೆ. ಜೂನ್‌ನಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟರೆ ಖಾಲಿ ಶೆಡ್‌ಗಳ ಮುಂದೆ ನಿಲ್ಲುತ್ತೀರಿ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟಿನ ಹುಡುಗರು ಊರಿಗೆ ಹೋಗುತ್ತಾರೆ. ಮೀನು ಒಣಗಿಸುವ, ಬುಟ್ಟಿ ಹೊರುವ ಇಲ್ಲಿಯ ಹೆಂಗಸರಿಗೆ ಆ ಎರಡು ತಿಂಗಳು ಕೈಯಲ್ಲಿ ಕಾಸಿರುವುದಿಲ್ಲ. ಕಿಟ್ ಕೊಡುವುದೇ ಆದರೆ ಡಿಸೆಂಬರಿನಲ್ಲಿ ಬೇಡ, ಜುಲೈಯಲ್ಲಿ ಕೊಡಿ. ಡಿಸೆಂಬರಿನಲ್ಲಿ ಎಲ್ಲರೂ ಕೊಡುತ್ತಾರೆ.

ತಾರ್ಪಾಲು, ಚರಂಡಿ ಬಿಡಿಸುವುದು, ಡ್ರಮ್ಮಿಗೆ ಮುಚ್ಚಳ, ಇವು ಮೇ ತಿಂಗಳ ಕೆಲಸ. ಮೊದಲ ಮಳೆ ಬಿದ್ದ ಮೇಲೆ ತಾರ್ಪಾಲಿನ ರೇಟೇ ಬೇರೆ.

ಒಂದು ದಿನ ಕಟ್ಟಡ ಮುಗಿಯುತ್ತದೆ. ಶೆಡ್ ಕಿತ್ತು ಎಲ್ಲರೂ ಇನ್ನೊಂದು ಸೈಟಿಗೆ ಹೋಗುತ್ತಾರೆ. ನಿಮ್ಮ ಟ್ಯೂಷನ್ ಮಕ್ಕಳು ರಾತ್ರೋರಾತ್ರಿ ಇಲ್ಲ. ಬೇಸರವಾಗುತ್ತದೆ, ನನಗೂ ಆಗಿದೆ. ಅದಕ್ಕೇ ಮಕ್ಕಳ ಟಿಸಿ, ತಾಯಿ ಕಾರ್ಡ್, ಟಿಬಿ ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಮನೆಯವರ ಕೈಯಲ್ಲೇ ಇರುವಂತೆ ಮಾಡಿ. ಹೊಸ ಸೈಟ್ ಎಲ್ಲಿ ಎಂದು ಮೇಸ್ತ್ರಿಗೆ ಗೊತ್ತಿರುತ್ತದೆ. ಅದು ಯಾವ ಚರ್ಚಿನ ಹತ್ತಿರ ಎಂದು ನೋಡಿ, ಅಲ್ಲಿಯವರಿಗೆ ಒಂದು ಫೋನ್ ಮಾಡಿ.

ಈ ಭಾನುವಾರವೇ ಹೊರಡುವುದಾದರೆ ಚೀಲದಲ್ಲಿ ಇಷ್ಟಿರಲಿ: ನೋಟ್‌ಬುಕ್, ಎರಡು ಪೆನ್, ಸೋಪು, ಟವೆಲ್, ನೀರಿನ ಬಾಟಲಿ, ನಾಲ್ಕು ಪ್ಲಾಸ್ಟಿಕ್ ಫೈಲ್. ಹಳೆಯ ಓದುವ ಕನ್ನಡಕ ಮನೆಯಲ್ಲಿ ಇದ್ದರೆ ಅದನ್ನೂ ಹಾಕಿಕೊಳ್ಳಿ. ಫಾರ್ಮಿನಲ್ಲಿ ತಮ್ಮ ಹೆಸರು ಸರಿ ಇದೆಯಾ ಎಂದು ನೋಡಲು ಯಾರಾದರೂ ಕೇಳುತ್ತಾರೆ. ಮೇ ಕಳೆದಿದ್ದರೆ ಎರಡು ಕೊಡೆ, ಒಂದು ನಿಮಗೆ, ಒಂದು ನಿಮ್ಮನ್ನು ಬಸ್‌ಸ್ಟಾಪ್‌ವರೆಗೆ ಬಿಡಲು ಬರುವವರಿಗೆ.